ಸುಕ್ಕುಗಟ್ಟಿದ ಹೋಯಾ ಚೇತರಿಸಿಕೊಂಡ ಬಗೆ

ಬಸವನಗುಡಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ತೂಗುಹಾಕಿದ್ದ ಹೋಯಾ ಕಾರ್ನೋಸಾ ಬಳ್ಳಿಯ ದಪ್ಪ ಎಲೆಗಳು ಕಳೆದ ಜುಲೈ ತಿಂಗಳ ಜಡಿಮಳೆಯ ದಿನಗಳಲ್ಲಿ ಒಣದ್ರಾಕ್ಷಿಯಂತೆ ಸುಕ್ಕುಗಟ್ಟತೊಡಗಿದಾಗ, ನೀರು ಸಾಲದೆಂದು ಭಾವಿಸಿ ನಾನು ದಿನವೂ ನೀರೆರೆದೆ. ತಪ್ಪಾದದ್ದು ಅಲ್ಲಿಯೇ.

ಕುಂಡದಿಂದ ಬಿಡಿಸಿ ನೋಡಿದರೆ, ಒಳಗಿನ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಿಂಡಿದಾಗ ನೀರಿಳಿಯುವಷ್ಟು ತೊಯ್ದಿತ್ತು. ಕಂದು ಬಣ್ಣಕ್ಕೆ ತಿರುಗಿದ್ದ ಬೇರನ್ನು ಬೆರಳಿನಿಂದ ಎಳೆದರೆ ಸಿಪ್ಪೆ ಕಳಚಿ ನೂಲಿನಂಥ ಎಳೆಯಷ್ಟೇ ಉಳಿಯುತ್ತಿತ್ತು. ಹೋಯಾಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಮರಗಳನ್ನು ಆಶ್ರಯಿಸಿ ಬೆಳೆಯುವಂಥವಾದ್ದರಿಂದ ಅವುಗಳ ಬೇರಿಗೆ ತೇವದಷ್ಟೇ ಗಾಳಿಯೂ ಬೇಕು. ಕೊಳೆತ ಬೇರು ನೀರನ್ನು ಹೀರಲಾರದೆ, ನೀರಿನ ನಡುವೆಯೇ ಬಳ್ಳಿ ಬಾಯಾರಿತ್ತು.

ಕೊಳೆತದ್ದನ್ನೆಲ್ಲ ಸ್ಪಿರಿಟ್‌ನಿಂದ ಒರೆಸಿದ ಕತ್ತರಿಯಿಂದ ತೆಗೆದು (ಕತ್ತರಿಸಿದಲ್ಲಿ ಅಂಟುಹಾಲು ಸೋರುತ್ತದೆ), 8 ಇಂಚಿನ ಪ್ಲಾಸ್ಟಿಕ್ ಕುಂಡದ ಬದಲು ಉಳಿದ ಬೇರಿಗೆ ತಕ್ಕ 4 ಇಂಚಿನ ಮಣ್ಣಿನ ಕುಂಡವನ್ನು ಆರಿಸಿ, ತೆಂಗಿನ ಸಿಪ್ಪೆಯ ತುಂಡು, ಪರ್ಲೈಟ್ ಎಂಬ ಹಗುರವಾದ ಬಿಳಿ ಖನಿಜದ ಹರಳು, ಇದ್ದಿಲ ಚೂರುಗಳಿಗೆ ಒಂದು ಹಿಡಿ ಎರೆಗೊಬ್ಬರ ಬೆರೆಸಿ ನೆಟ್ಟೆ. ಐದು ದಿನ ನೀರು ಮುಟ್ಟಿಸಲಿಲ್ಲ. ಅನಂತರವೂ ಊದುಬತ್ತಿಯ ಕಡ್ಡಿಯನ್ನು ಚುಚ್ಚಿ, ಅದು ಒಣಗಿಯೇ ಹೊರಬಂದರೆ ಮಾತ್ರ ನೀರು. ಜಾಗ, ಪೂರ್ವದ ಕಿಟಕಿ.

ಆರನೆಯ ವಾರ ಬಳ್ಳಿಯ ತುದಿಯಲ್ಲಿ ಕೆಂಪು ಛಾಯೆಯ ಚಿಗುರು ಕಾಣಿಸಿತು. ಹೂವಿಗೆ ಇನ್ನೂ ಕಾಯಬೇಕು. ಹೂ ಉದುರಿದ ಮೇಲೂ ಉಳಿಯುವ ಗಿಡ್ಡ ತೊಟ್ಟಿನಲ್ಲಿಯೇ ಮುಂದಿನ ಗೊಂಚಲು ಅರಳುತ್ತದೆ. ಅದನ್ನು ಒಣಕಡ್ಡಿಯೆಂದು ಹೋದ ವರ್ಷ ಶ್ರದ್ಧೆಯಿಂದ ಕತ್ತರಿಸಿ ಹಾಕಿದವನೂ ನಾನೇ.