ಊರ ಮೇಲೆ ಡ್ರೋನ್ ಹಾರಿಸುವ ಮುಂಚೆ: ಗ್ರಾಮಠಾಣ ಸರ್ವೇಯ ನನ್ನ ಅನುಭವ

ಗ್ರಾಮಠಾಣದ, ಅಂದರೆ ಊರಿನ ಮನೆಗಳಿರುವ ಜಾಗದ ಸರ್ವೇಗೆ ಡ್ರೋನ್ ಹೊತ್ತು ಯಾವ ಊರಿಗೆ ಹೋದರೂ ಜನ ಕೇಳುವುದು ಮೂರೇ ಮಾತು. ಇದರಲ್ಲಿ ನಮ್ಮ ಮನೆ ಒಳಗೆಲ್ಲ ಕಾಣುತ್ತಾ? ತಲೆ ಮೇಲೆ ಬಿದ್ದರೆ ಯಾರು ಜವಾಬ್ದಾರಿ? ನಮ್ಮ ಜಾಗ ಕಡಿಮೆ ತೋರಿಸಿಬಿಟ್ಟರೆ? "ಏನೂ ಆಗಲ್ಲ ಬಿಡಿ ಅಮ್ಮ" ಅಂದು ಜಾರಿಕೊಳ್ಳಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಮೂರು ಭಯಕ್ಕೂ ಸ್ವಲ್ಪ ಸ್ವಲ್ಪ ಆಧಾರವಿದೆ. ಎಷ್ಟಿದೆ ಅನ್ನುವುದನ್ನು ಲೆಕ್ಕ ಹಾಕಿ, ಅವರ ಕಣ್ಣೆದುರೇ ತೋರಿಸಿದರೆ ಮಾತ್ರ ಕೆಲಸ ಸಲೀಸು.

ಮೊದಲು ಕ್ಯಾಮೆರಾದ ಲೆಕ್ಕ. ನಾವು ಬಳಸುವುದು ಒಂದು ಇಂಚಿನ ಸೆನ್ಸರ್, 20 ಮೆಗಾಪಿಕ್ಸೆಲ್, 8.8 ಮಿ.ಮೀ. ಲೆನ್ಸ್. ಜೂಮ್ ಇಲ್ಲ. 120 ಮೀಟರ್ ಎತ್ತರದಿಂದ ನೇರ ಕೆಳಗೆ ನೋಡಿದಾಗ ಒಂದು ಫೋಟೋದಲ್ಲಿ ಸುಮಾರು 180 ಮೀಟರ್ ಉದ್ದ, 120 ಮೀಟರ್ ಅಗಲದ ನೆಲ ಬರುತ್ತದೆ. ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 3.3 ಸೆಂ.ಮೀ. ಮನುಷ್ಯನ ತಲೆ ಮೇಲಿನಿಂದ 20 ಸೆಂ.ಮೀ. ಇದ್ದರೆ ಅದು ಆರು ಚುಕ್ಕೆ, ಅಷ್ಟೇ. ಗಂಡೋ ಹೆಣ್ಣೋ ಹೇಳಲಾಗುವುದಿಲ್ಲ. ಆದರೆ ಅದೇ ಕ್ಯಾಮೆರಾ 10 ಮೀಟರ್ ಎತ್ತರದಲ್ಲಿದ್ದರೆ ಪಿಕ್ಸೆಲ್ 3 ಮಿ.ಮೀ.ಗೂ ಕಡಿಮೆ, ಮುಖದ ಅಗಲಕ್ಕೆ ಐವತ್ತಕ್ಕೂ ಹೆಚ್ಚು ಚುಕ್ಕೆ ಸಿಗುತ್ತವೆ, ಗುರುತು ಚೆನ್ನಾಗಿ ಸಿಗುತ್ತದೆ. ಅಂದರೆ ಜನ ಹೆದರಬೇಕಾದದ್ದು ಆಕಾಶದಲ್ಲಿ ಚುಕ್ಕೆಯಾಗಿ ಕಾಣುವ ಡ್ರೋನಿಗಲ್ಲ, ಮನೆ ಸೂರಿನ ಪಕ್ಕ ಏರುವ, ಇಳಿಯುವ ಡ್ರೋನಿಗೆ. ಕಾವಲು ಅಲ್ಲಿ ಬೇಕು.

ಇಲ್ಲಿ ಬಹಳ ಜನ ಪೈಲಟ್‌ಗಳು ತಪ್ಪುತ್ತಾರೆ. ಡ್ರೋನ್ ಆನ್ ಮಾಡಿದ ತಕ್ಷಣ ಕ್ಯಾಮೆರಾ ಎದುರಿಗೆ ನೋಡುತ್ತಿರುತ್ತದೆ. ಮಿಷನ್, ಅಂದರೆ ಮೊದಲೇ ಹಾಕಿಟ್ಟ ಹಾರಾಟ, ಶುರುವಾಗುವವರೆಗೂ ಹಾಗೇ ಇರುತ್ತದೆ. ಏರುವ ಹೊತ್ತಿಗೆ ಎದುರು ಮನೆಯ ಕಿಟಕಿ, ತಾರಸಿ, ಹಿತ್ತಲ ಬಚ್ಚಲು ಎಲ್ಲವೂ ಸ್ಕ್ರೀನಿನ ಮೇಲೆ ಹಾದುಹೋಗುತ್ತವೆ. ನಾವು ಫ್ಯಾನು ತಿರುಗಿಸುವ ಮುಂಚೆಯೇ ಕ್ಯಾಮೆರಾವನ್ನು 90 ಡಿಗ್ರಿ ಕೆಳಗೆ ಬಗ್ಗಿಸುತ್ತೇವೆ, ವಿಡಿಯೋ ಮುಟ್ಟುವುದಿಲ್ಲ, ಗುರುತು ಮಾಡಿದ ಗಡಿಯೊಳಗೆ 120 ಮೀಟರ್ ತಲುಪಿದ ಮೇಲಷ್ಟೇ ಶಟರ್ ಒತ್ತುವಂತೆ ಮಿಷನ್ ಹಾಕುತ್ತೇವೆ. ಹಾರಿಸುವ ಜಾಗವೂ ಊರ ಮಧ್ಯದ ಕಟ್ಟೆ ಅಲ್ಲ, ಊರಾಚೆಯ ಕಣ ಅಥವಾ ಬೀಳು ಹೊಲ. ನೋಡುವ ಜನಕ್ಕೆ ನಾಲ್ಕು ಹೆಜ್ಜೆ ಜಾಸ್ತಿ ನಡೆಯಬೇಕಾಗುತ್ತದೆ, ಪರವಾಗಿಲ್ಲ.

ತೋರಿಸುವ ಕ್ರಮ ಹೀಗೆ. ಪಂಚಾಯ್ತಿ ಮುಂದಿನ ಅಂಗಳದಲ್ಲಿ ಒಂದು ಸ್ಟೀಲ್ ಬಿಂದಿಗೆ, ಪಕ್ಕದಲ್ಲಿ ಬಿಡಿಸಿದ ದಿನಪತ್ರಿಕೆ, ಅದರ ಪಕ್ಕ ನಿಲ್ಲಲು ಒಪ್ಪಿದ ಒಬ್ಬರು. 120 ಮೀಟರ್ ಮೇಲಿನಿಂದ ಒಂದೇ ಫೋಟೋ ತೆಗೆದು, ಇಳಿಸಿ, ಟ್ಯಾಬಿಗೆ ಹಾಕಿ ಅವರ ಕೈಗೇ ಕೊಡುತ್ತೇವೆ. ಬೆರಳಲ್ಲಿ ಹಿಗ್ಗಿಸುತ್ತಾ ಹೋದರೆ ಬಿಂದಿಗೆ ಹೊಳೆಯುವ ಒಂದು ಚುಕ್ಕಿ, ಪತ್ರಿಕೆ ಬಿಳಿ ತುಂಡು, ಅಕ್ಷರದ ಸುಳಿವಿಲ್ಲ. ಮನುಷ್ಯನಿಗಿಂತ ಅವನ ನೆರಳೇ ಚೆಂದ ಕಾಣುತ್ತದೆ. ಇನ್ನೂ ಹಿಗ್ಗಿಸಿದರೆ ಚೌಕ ಚೌಕವಾಗಿ ಒಡೆಯುತ್ತದೆ. ಅರ್ಧ ಗಂಟೆಯ ಭಾಷಣಕ್ಕಿಂತ ಈ ಒಂದು ಫೋಟೋ ಮೇಲು. "ಮದುವೆ ಶೂಟಿಂಗಿನ ಡ್ರೋನಲ್ಲಿ ದೂರದ್ದೂ ಹತ್ತಿರ ಕಾಣುತ್ತಲ್ಲಾ" ಅಂತ ಯಾರಾದರೂ ಕೇಳಿದರೆ, ಹೌದು ಅನ್ನಿ. ಟೆಲಿ ಲೆನ್ಸ್ ಇದ್ದರೆ ಮೇಲಿನ ಲೆಕ್ಕ ಪೂರ್ತಿ ಬದಲಾಗುತ್ತದೆ. ನಮ್ಮದರಲ್ಲಿ ಅದಿಲ್ಲ ಎಂದು ಕ್ಯಾಮೆರಾ ತೋರಿಸಿ.

ಹೊತ್ತಿನ ವಿಚಾರ. ಮೋಡವಿಲ್ಲದ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ನೆರಳು ಚಿಕ್ಕದಿರುತ್ತದೆ, ಗೋಡೆ, ಓಣಿ ಸ್ಪಷ್ಟವಾಗಿ ಬರುತ್ತವೆ. ಸರ್ವೇಗೆ ಅದೇ ಸರಿ. ಊರಿಗೂ ಅದೇ ಸರಿ: ಮೇಲ್ಛಾವಣಿ ಇಲ್ಲದ ಬಚ್ಚಲುಗಳು ಹಳ್ಳಿಗಳಲ್ಲಿ ಇನ್ನೂ ಬೇಕಾದಷ್ಟಿವೆ, ಬೆಳಿಗ್ಗೆ 10ಕ್ಕೆ ಮುಂಚೆ ಅಲ್ಲಿ ಹೆಂಗಸರು ಸ್ನಾನ ಮಾಡುತ್ತಿರುತ್ತಾರೆ. ಸಂತೆ ದಿನ, ಜಾತ್ರೆ, ಶಾಲೆ ಬಿಡುವ ಸಮಯ ಬೇಡ. ಎರಡು ದಿನ ಮುಂಚೆ ಪಂಚಾಯ್ತಿ ಬೋರ್ಡಿಗೆ ನೋಟಿಸ್, ಹಿಂದಿನ ಸಂಜೆ ಡಂಗುರ ಅಥವಾ ಆಟೋದಲ್ಲಿ ಮೈಕು. ಅಂಗನವಾಡಿ ಟೀಚರ್‌ಗೂ ಆಶಾ ಕಾರ್ಯಕರ್ತೆಗೂ ಬೇರೆಯಾಗಿ ಹೇಳಿ. ಬೋರ್ಡು ಓದದ ಮನೆಗಳಿಗೆ ಸುದ್ದಿ ಮುಟ್ಟುವುದು ಅವರಿಂದಲೇ. ನೋಟಿಸಿನಲ್ಲಿ ತಾರೀಖು, ಗಂಟೆ, ಎತ್ತರ, ಯಾರ ಕೆಲಸ, ಪೈಲಟ್ ಫೋನ್ ನಂಬರ್ ಇರಲಿ.

ಕಾಗದಪತ್ರ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, 2 ಕೆ.ಜಿ.ವರೆಗಿನದು ಮೈಕ್ರೊ, 25 ಕೆ.ಜಿ.ವರೆಗಿನದು ಸ್ಮಾಲ್. ಸರ್ವೇ ಡ್ರೋನ್ ಸಾಮಾನ್ಯವಾಗಿ ಮೈಕ್ರೊ. ಡ್ರೋನಿಗೆ ಯುಐಎನ್ ಅನ್ನುವ ನೋಂದಣಿ ಸಂಖ್ಯೆ, ಬಾಡಿಗೆ ಕೆಲಸವಾದರೆ ಹಾರಿಸುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್, ಜೊತೆಗೆ ಥರ್ಡ್ ಪಾರ್ಟಿ ವಿಮೆ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿರುವ ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಪ್ರತ್ಯೇಕ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಈ ಮಿತಿ 200 ಅಡಿಗೆ ಇಳಿಯುತ್ತದೆ. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಕಲಬುರಗಿ ಸುತ್ತಿನ ಹಳ್ಳಿಗಳವರು ಇದನ್ನು ಮರೆಯಬಾರದು. ವಲಯದ ನಕ್ಷೆಯನ್ನು ಹಾರಿಸುವ ದಿನ ಬೆಳಿಗ್ಗೆಯೇ ಮತ್ತೊಮ್ಮೆ ನೋಡಿ, ನಿನ್ನೆ ಹಸಿರಿದ್ದದ್ದು ಇವತ್ತು ಅನುಮತಿಯಿಲ್ಲದೆ ಹಾರಿಸುವಂತಿಲ್ಲದ ಕೆಂಪು ವಲಯವಾಗಿರಬಹುದು: ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮೂಲಕ ರಾಜ್ಯ ಸರ್ಕಾರ ಒಂದು ಸಲಕ್ಕೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸಬಹುದು. ಇಷ್ಟೆಲ್ಲದರ ಪ್ರತಿ ಮಾಡಿಸಿ ಠಾಣೆಗೆ ಒಂದು, ಪಂಚಾಯ್ತಿಗೆ ಒಂದು. ಠಾಣೆಗೆ ಹೇಳಲೇಬೇಕಾ ಎಂದು ಹೊಸಬರು ಕೇಳುತ್ತಾರೆ. ಯಾರೋ ಹೆದರಿ 112ಕ್ಕೆ ಫೋನ್ ಮಾಡಿದಾಗ ಠಾಣೆಯವರಿಗೆ ಮೊದಲೇ ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತದೆ.

ಮನೆ ಒಳಗಿನ ಖಾಸಗಿತನದ ಬಗ್ಗೆ ಆ ನಿಯಮಗಳಲ್ಲಿ ಹೆಚ್ಚೇನೂ ಇಲ್ಲ, ಇದು ನನಗೆ ಕೊರತೆಯೇ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಣ್ಣುಮಕ್ಕಳ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಅಪರಾಧ. ಕ್ಯಾಮೆರಾ ಕೈಯಲ್ಲಿತ್ತೋ ಡ್ರೋನಿನಲ್ಲಿತ್ತೋ, ವ್ಯತ್ಯಾಸವಿಲ್ಲ.

ಈಗ ಹಾರಾಟ. ಮುಂದಿನ ಫೋಟೋದ ಜೊತೆ 80 ಶೇಕಡಾ, ಪಕ್ಕದ ಸಾಲಿನ ಜೊತೆ 70 ಶೇಕಡಾ ಹೊಂದಿಕೆ (ಅದೇ ನೆಲ ಎರಡರಲ್ಲೂ ಬರುವಂತೆ) ಇಟ್ಟರೆ, 24 ಮೀಟರಿಗೊಂದು ಫೋಟೋ, 54 ಮೀಟರಿಗೊಂದು ಸಾಲು. 400 ಮೀಟರ್ ಉದ್ದ, 300 ಮೀಟರ್ ಅಗಲದ ಗ್ರಾಮಠಾಣಕ್ಕೆ ಆಚೀಚೆ ಒಂದೊಂದು ಸಾಲು ಸೇರಿಸಿ ಎಂಟು ಸಾಲು, ಸುಮಾರು 170 ಫೋಟೋ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹತ್ತು ಹನ್ನೆರಡು ನಿಮಿಷ, ಒಂದೇ ಬ್ಯಾಟರಿ. ಶಟರ್ 1/1000ರಲ್ಲಿ ಇಡಿ: ಅಷ್ಟರಲ್ಲಿ ಡ್ರೋನ್ 8 ಮಿ.ಮೀ. ಮಾತ್ರ ಸರಿಯುತ್ತದೆ. 1/250ಕ್ಕೆ ಬಿಟ್ಟರೆ 3.2 ಸೆಂ.ಮೀ. ಸರಿದು ಗೋಡೆಯ ಅಂಚೆಲ್ಲ ಮಂಜು. 200 ಅಡಿ ಮಿತಿಯ ಊರಾದರೆ ಫೋಟೋಗಳ ಸಂಖ್ಯೆ ಸುಮಾರು ನಾಲ್ಕು ಪಟ್ಟಾಗುತ್ತದೆ. 12 ಮೀಟರಿಗೊಂದು ತೆಗೆಯಲು ಕ್ಯಾಮೆರಾಕ್ಕೆ ಉಸಿರು ಸಾಲದೆ ವೇಗವನ್ನೂ 5 ಮೀಟರಿಗೆ ಇಳಿಸಬೇಕು. ಅಲ್ಲಿ ತಲೆಗೆ ಆರರ ಬದಲು ಹನ್ನೆರಡು ಚುಕ್ಕೆ ಬರುತ್ತದೆ ಎಂಬುದನ್ನೂ ಜನರಿಗೆ ಹೇಳಿ.

ತಿರುವುಗಳೆಲ್ಲ ಹೊಲದ ಮೇಲೆ ಬರುವಂತೆ ಸಾಲು ಎಳೆಯಬೇಕು. ತಿರುಗುವಾಗ, ನಿಂತು ಮತ್ತೆ ಹೊರಡುವಾಗ ಮೋಟಾರಿಗೆ ಹೊರೆ ಹೆಚ್ಚು. ಹಳೆ ಬ್ಯಾಟರಿ ಕೈಕೊಡುವುದು ಅಲ್ಲೇ. ಫ್ಯಾನಿನ ಅಂಚನ್ನು ಪ್ರತಿ ಸಲ ಉಗುರಲ್ಲಿ ಸವರಿ ನೋಡಿ, ಕೂದಲೆಳೆ ಬಿರುಕಿದ್ದರೂ ಬಿಸಾಡಿ. ಉಬ್ಬಿದ ಬ್ಯಾಟರಿ ಬೇಡವೇ ಬೇಡ. ತಗಡಿನ ಶೆಡ್, ಆರ್‌ಸಿಸಿ ತಾರಸಿ, ನಿಂತ ಜೆಸಿಬಿ ಪಕ್ಕದಿಂದ ಏರಿಸಿದರೆ ದಿಕ್ಸೂಚಿ ಕೆಟ್ಟು ಡ್ರೋನ್ ಗಿರಕಿ ಹೊಡೆಯಲು ಶುರು ಮಾಡುತ್ತದೆ. ಸಿಗ್ನಲ್ ತಪ್ಪಿದಾಗ ಡ್ರೋನ್ ತಾನೇ ಹಿಂದಿರುಗುವ ಎತ್ತರವನ್ನು ಊರಿನ ಮೊಬೈಲ್ ಟವರಿಗಿಂತ 20 ಮೀಟರಾದರೂ ಮೇಲೆ ಇಡಿ, ಬ್ಯಾಟರಿ 30 ಶೇಕಡಾಕ್ಕೆ ಬಂದರೆ ಕೆಲಸ ಉಳಿದಿದ್ದರೂ ಇಳಿಸಿ. ಹದ್ದು ಮೇಲೆರಗಿದರೆ ಕೆಳಗೆ ಓಡಿಸಬೇಡಿ, ಅದು ಎರಗುವುದೇ ಮೇಲಿನಿಂದ. ಎತ್ತರದ ಮಿತಿಯೊಳಗೆ ನೇರ ಮೇಲಕ್ಕೆ ಏರಿಸಿ ಜಾಗ ಬಿಡಿ. ನೀರಿನ ಟ್ಯಾಂಕಿನ ತಳದಲ್ಲಿ, ಆಲದ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿದೆಯಾ ಎಂದು ಮೊದಲೇ ವಿಚಾರಿಸಿ. ಅದರ ಹತ್ತಿರ ಏರಿಸಬೇಡಿ, ಇಳಿಸಬೇಡಿ. ಡ್ರೋನ್ ಬಿದ್ದರೆ ಒಬ್ಬರಿಗೆ ಪೆಟ್ಟು, ಹೆಜ್ಜೇನು ಎದ್ದರೆ ಊರಿಗೇ.

ತಂಡ ಮೂವರದು. ಒಬ್ಬರು ರಿಮೋಟಿನಲ್ಲಿ, ಒಬ್ಬರ ಕಣ್ಣು ಆಕಾಶದಲ್ಲಿ, ಮೂರನೆಯವರು ಜನರ ಕಡೆ ಮುಖ ಮಾಡಿ. ಐದು ಮೀಟರ್ ಸುತ್ತ ಹಗ್ಗ. ಮಕ್ಕಳಿಗೆ ಸ್ಕ್ರೀನ್ ತೋರಿಸುವುದು ಇಳಿದ ಮೇಲೆ.

ಬಿದ್ದರೆ? ಒಂದೂವರೆ ಕೆ.ಜಿ. ವಸ್ತು ಆ ಎತ್ತರದಿಂದ ತಲೆ ಮೇಲೆ ಬಿದ್ದರೆ ಪ್ರಾಣಕ್ಕೇ ಅಪಾಯ, ಇದನ್ನು ಮುಚ್ಚಿಡಬೇಡಿ. ಅದಕ್ಕೇ ಹಾರುವ ಆ ಹನ್ನೆರಡು ನಿಮಿಷ ಓಣಿಯಲ್ಲಿ ನಿಲ್ಲದೆ ಸೂರಿನ ಕೆಳಗಿರಿ ಎಂದು ಮೈಕಿನಲ್ಲೇ ಹೇಳಿಸುತ್ತೇವೆ. ಬಿದ್ದ ಡ್ರೋನನ್ನು ಯಾರೂ ಎತ್ತಬಾರದು. ಜಜ್ಜಿದ ಲಿಥಿಯಂ ಬ್ಯಾಟರಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೊತ್ತಿಕೊಳ್ಳಬಹುದು. ಬಣವೆ ಪಕ್ಕ ಆದರೆ ಕತೆ ಮುಗಿಯಿತು. ಒಂದು ಬಕೆಟ್ ಮರಳು ಸದಾ ಜೀಪಿನಲ್ಲಿರಲಿ. ಅಪಘಾತವಾದರೆ 48 ಗಂಟೆಯೊಳಗೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಗೆ ಆನ್‌ಲೈನ್‌ನಲ್ಲಿ ವರದಿ ಕೊಡಬೇಕು. ನಾಲ್ಕು ಹೆಂಚು ಒಡೆದದ್ದಕ್ಕೆ ವಿಮೆ ಕಂಪನಿ ಬಾಗಿಲಿಗೆ ಅಲೆಯುವ ಬದಲು ಅಲ್ಲೇ ದುಡ್ಡು ಕೊಟ್ಟು ಹೆಂಚು ಹೊದಿಸಿ ಬರುವುದು ಮರ್ಯಾದೆ.

ಮೂರನೆಯ ಭಯ ಜಾಗದ್ದು, ನಿಜವಾದ ಜಗಳ ಹುಟ್ಟುವುದೂ ಇಲ್ಲೇ. ಹಳ್ಳಿ ಮನೆಗಳಿಗೆ ಡ್ರೋನ್ ಸರ್ವೇ ಮಾಡಿ ಆಸ್ತಿ ಪತ್ರ ಕೊಡಲು 2020ರ ಏಪ್ರಿಲಿನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಾರಾಟಕ್ಕೆ ಮುಂಚೆ ಆಸ್ತಿಗಳ ಗಡಿಗೆ ಸುಣ್ಣದ ಗೆರೆ ಹಾಕುವ ಪದ್ಧತಿ ಇದೆ. ಬೇರೆ ಯಾವ ಸರ್ವೇ ಆದರೂ ನಾವು ಅದನ್ನೇ ಪಾಲಿಸುತ್ತೇವೆ. ಗೆರೆ 10 ಸೆಂ.ಮೀ.ಗಿಂತ ಸಣ್ಣದಿದ್ದರೆ ಮೂರು ಪಿಕ್ಸೆಲ್ಲೂ ಸಿಗದೆ ಕಾಣೆಯಾಗುತ್ತದೆ. ತಿಪ್ಪೆ, ಬಣವೆ, ತೆಂಗಿನ ಗರಿ ಗೆರೆಯನ್ನು ಮುಚ್ಚಿದ್ದರೆ ಆ ತುಂಡನ್ನು ಟೇಪಿನಲ್ಲೇ ಅಳೆಯಬೇಕು. ಎಲ್ಲಕ್ಕಿಂತ ದೊಡ್ಡ ಮೋಸ ಸೂರಿನದು. ಮೇಲಿನಿಂದ ಕಾಣುವುದು ಗೋಡೆಯಲ್ಲ, ಸೂರಿನ ಅಂಚು. ಹೆಂಚಿನ ಮನೆಯ ಸೂರು ಎರಡು ಅಡಿ ಚಾಚಿದ್ದರೆ ನಕ್ಷೆಯಲ್ಲಿ ಆ ಮನೆ ಎರಡು ಅಡಿ ಓಣಿಗೆ ಬಂದಂತೆ, ಪಕ್ಕದವರ ಸಂದಿ ಮಾಯವಾದಂತೆ ಕಾಣುತ್ತದೆ. ಹಾಗಾಗಿ ಪ್ರತಿ ಮನೆಯ ನಾಲ್ಕೂ ಬದಿ ಸೂರಿನಿಂದ ಗೋಡೆಗೆ ಎಷ್ಟು ಎಂದು ಟೇಪ್ ಹಿಡಿದು, ಮನೆಯವರ ಎದುರೇ ಪುಸ್ತಕದಲ್ಲಿ ಬರೆದು, ನಕ್ಷೆ ಎಳೆಯುವಾಗ ಅಷ್ಟು ಒಳಗೆ ಸರಿಸುತ್ತೇವೆ. ಊರ ನಾಲ್ಕು ಮೂಲೆ ಮತ್ತು ನಡುವೆ ಡಿಜಿಪಿಎಸ್‌ನಲ್ಲಿ (ಮೊಬೈಲ್ ಜಿಪಿಎಸ್‌ಗಿಂತ ನಿಖರವಾದ ಉಪಕರಣ) ಅಳೆದ ಐದು ಬಿಳಿ ಕ್ರಾಸ್ ಗುರುತು, ತೋಳು ಒಂದು ಮೀಟರ್ ಉದ್ದ, 20 ಸೆಂ.ಮೀ. ಅಗಲ. ನಕ್ಷೆ ಸರಿ ಬಂದಿದೆಯಾ ಎಂದು ಪರೀಕ್ಷಿಸಲು ಬೇರೆ ಎರಡು ಗುರುತು, ನಕ್ಷೆ ಮಾಡುವ ಲೆಕ್ಕಕ್ಕೆ ಅವನ್ನು ಸೇರಿಸಬಾರದು.

ಫೋಟೋಗಳನ್ನು ಎರಡು ಪ್ರತಿ ಮಾಡಿ, ಊರ ಗಡಿಯಾಚೆ ಬಿದ್ದದ್ದನ್ನು ನಕ್ಷೆ ಮುಗಿದ ಮೇಲೆ ಅಳಿಸುತ್ತೇವೆ. ಕಾರ್ಡಿನಿಂದ ಯಾರ ಮೊಬೈಲಿಗೂ ಒಂದು ಫೋಟೋ ಹೋಗಬಾರದು, ಅಧ್ಯಕ್ಷರು ಕೇಳಿದರೂ.

ಸಂಜೆ ಮೇಲೆ ಹಾರಿಸುವುದಿಲ್ಲ. ಗಡಿಯಲ್ಲಿ 2025ರ ಮೇ ತಿಂಗಳ ಡ್ರೋನ್ ದಾಳಿಗಳನ್ನು ಟಿವಿಯಲ್ಲಿ ನೋಡಿದ ಮೇಲೆ ಕತ್ತಲಲ್ಲಿ ಕೆಂಪು ಹಸಿರು ದೀಪ ಕಂಡರೆ ಸಾಕು, ಊರೇ ಎದ್ದು ಕೂರುತ್ತದೆ. ಅದು ಬಹಳ ಸಲ ದೂರದ ವಿಮಾನವೇ ಆಗಿರುತ್ತದೆ. ಗೊತ್ತಿಲ್ಲದ ಡ್ರೋನ್ ಕಂಡರೆ ಕಲ್ಲು ಬೀಸಬೇಡಿ, ಗಂಟೆ ಮತ್ತು ಹೋದ ದಿಕ್ಕು ಬರೆದುಕೊಂಡು 112ಕ್ಕೆ ಹೇಳಿ ಎಂದು ಹೊರಡುವ ಮುನ್ನ ತಿಳಿಸುತ್ತೇವೆ.

ಹೊರಡುವಾಗ ಆ ಕ್ರಾಸ್ ಗುರುತಿನ ಬಟ್ಟೆಗಳನ್ನು ಎಣಿಸಿ ಎತ್ತಿಕೊಳ್ಳಿ. ಹೊಲದ ಬದುವಿನ ಮೇಲೆ ಒಂದು ಬಿಟ್ಟು ಬಂದರೂ ವಾರದೊಳಗೆ "ರಸ್ತೆಗೆ ಜಾಗ ಗುರುತು ಮಾಡಿ ಹೋಗಿದ್ದಾರೆ" ಎಂದು ಸುದ್ದಿ ಹಬ್ಬುತ್ತದೆ. ಸಿಮೆಂಟಿನ ಮೇಲೆ ಬಣ್ಣದಲ್ಲಿ ಬರೆದದ್ದಾದರೆ ಪಕ್ಕದಲ್ಲೇ "ಸರ್ವೇ ಗುರುತು", ತಾರೀಖು, ಪಂಚಾಯ್ತಿ ಹೆಸರು ಕನ್ನಡದಲ್ಲಿ ಬರೆದು ಬನ್ನಿ.