ಬಣ್ಣ ಬಿಡಿ, ಕೂದಲು ನೋಡಿ: ಇನ್ಸಿಗ್ನೆ–ವಿಲ್ಲೋಸಮ್ ಬೇರ್ಪಡಿಸಿದ ನನ್ನ ಅನುಭವ

ನಮ್ಮ ಮಡಿಕೇರಿ ಕಡೆ ಪ್ಯಾಫ್ (ಪ್ಯಾಫಿಯೋಪೆಡಿಲಮ್, ಚಪ್ಪಲಿಯಾಕಾರದ ಹೂವಿನ ಆರ್ಕಿಡ್) ಇಟ್ಟವರ ಮನೆಯಲ್ಲೆಲ್ಲ ಅದರದೊಂದು ಜಾತಿ ‘ಇನ್ಸಿಗ್ನೆ’ ಇದ್ದೇ ಇರುತ್ತದೆ. ಅದರಲ್ಲಿ ಅರ್ಧಕ್ಕರ್ಧ ಇನ್ಸಿಗ್ನೆಯೇ ಅಲ್ಲ ಎಂದಾಗ ಎಲ್ಲರೂ ನಕ್ಕರು. ಹೂವಿನ ಬಣ್ಣ ಬಿಟ್ಟು ಕೂದಲು ನೋಡಿ ಹೇಳ್ತೀನಿ ಎಂದಾಗ ಇನ್ನೂ ಜಾಸ್ತಿ ನಕ್ಕರು. ಕಳೆದ ಚಳಿಗಾಲದಲ್ಲಿ ನಾನು ಹೇಳಿದ್ದ ಗಿಡಗಳು ಹೂ ಬಿಟ್ಟವು, ನನ್ನ ಮಾತೇ ನಿಜವಾಯಿತು. ಈಗ ಅವರೇ ತಮ್ಮ ಪಾಟ್ ಹಿಡಿದುಕೊಂಡು ಬರುತ್ತಿದ್ದಾರೆ.

ಮೊದಲು ದುಡ್ಡಿನ ಮಾತು. ಇನ್ಸಿಗ್ನೆ ಎಂದು ಆರುನೂರು, ಎಂಟುನೂರು ಕೊಟ್ಟು ತರಿಸಿದ ಗಿಡಗಳಲ್ಲಿ ಮೂರೋ ನಾಲ್ಕೋ ಲೀಯಾನಮ್ ಆದವು. ಅದು ಇನ್ಸಿಗ್ನೆ ಮತ್ತು ಸ್ಪೈಸೆರಿಯಾನಮ್ ಎಂಬ ಎರಡು ಜಾತಿಗಳ ಕ್ರಾಸ್ (ಮಿಶ್ರತಳಿ), 1880ರ ದಶಕದಷ್ಟು ಹಳೆಯದು. ಅಗಲವಾದ ಬಿಳಿ ಡಾರ್ಸಲ್ (ಹೂವಿನ ಮೇಲ್ಗಡೆ ನೆಟ್ಟಗೆ ನಿಂತಿರುವ ಎಸಳು), ನಡುವೆ ನೇರಳೆ ಗೆರೆ. ಹೂ ಬಂದರೆ ಮಕ್ಕಳೂ ಗುರುತಿಸುತ್ತಾರೆ. ಆದರೆ ಹೂ ಬರಲು ಎರಡು ವರ್ಷ ಕಾಯಬೇಕು, ಅಲ್ವಾ? ‘ಗ್ರಾಟ್ರಿಕ್ಸಿಯಾನಮ್’ ಎಂಬ ಇನ್ನೊಂದು ಜಾತಿಗೆ ಎರಡೂವರೆ ಸಾವಿರ ಹೋಯಿತು. ಹೂ ಬಂದಾಗ ಡಾರ್ಸಲ್ ತುಂಬ ಚುಕ್ಕೆ, ಅಂಡಾಶಯದ ಮೇಲೆ ಉದ್ದುದ್ದ ಕೂದಲು. ಅದು ವಿಲ್ಲೋಸಮ್ ಎಂಬ ಬೇರೆಯೇ ಜಾತಿಯ ಬಾಕ್ಸಾಲಿಯೈ ತಳಿ. ಮಾರಿದವರು ‘ಎರಡೂ ಒಂದೇ ಸಾರ್’ ಎಂದು ಫೋನ್ ಇಟ್ಟರು.

ನಿಜವಾದ ತಲೆನೋವು ನಿಟೆನ್ಸ್. ಇನ್ಸಿಗ್ನೆ ಮತ್ತು ವಿಲ್ಲೋಸಮ್ ಸೇರಿಸಿ ಇಂಗ್ಲೆಂಡಿನಲ್ಲಿ 1870ರ ದಶಕದಲ್ಲೇ ಮಾಡಿದ ಕ್ರಾಸ್ ಅದು. ಅಪ್ಪನ ಹಾಗೂ ಕಾಣುತ್ತದೆ, ಅಮ್ಮನ ಹಾಗೂ ಕಾಣುತ್ತದೆ. ಫೋಟೋ ಹೋಲಿಸಿ ನೋಡಿದೆ, ಪ್ರಯೋಜನ ಇಲ್ಲ. ಸಂಜೆ ಬಲ್ಬಿನ ಬೆಳಕಿನಲ್ಲಿ ಹಸಿರೂ ಕಂದು, ಕಂದೂ ಹಸಿರು. ಎಲೆ ಅಳೆದೆ. ನೆರಳು ಜಾಸ್ತಿಯಾದರೆ ಎಲ್ಲದರ ಎಲೆಯೂ ಉದ್ದವಾಗುತ್ತದೆ. ಸ್ಟ್ಯಾಮಿನೋಡ್ (ಹೂವಿನ ನಡುವಿನ ಗುರಾಣಿಯಂಥ ಭಾಗ) ನೋಡಿ ಎಂದು ದೊಡ್ಡವರು ಹೇಳುತ್ತಾರೆ. ಬೇರೆ ಗುಂಪುಗಳಲ್ಲಿ ಸರಿ. ಈ ಗುಂಪಿನಲ್ಲಿ ಎಲ್ಲಕ್ಕೂ ನಡುವೆ ಒಂದು ಗುಬುಟು, ಸುತ್ತ ರೋಮ. ನನಗಂತೂ ಅದರಿಂದ ಏನೂ ಬಗೆಹರಿಯಲಿಲ್ಲ.

ಕೆಲಸ ಮಾಡಿದ್ದು ಇದು. ಹೂ ಇಲ್ಲದಾಗ ಎಲೆಯ ಬುಡವನ್ನು ಮಗುಚಿ ಲೆನ್ಸ್ ಹಿಡಿಯುತ್ತೇನೆ. ಇನ್ಸಿಗ್ನೆಯಲ್ಲಿ ನೇರಳೆ ಚುಕ್ಕೆ ಇಲ್ಲ, ಇದ್ದರೂ ಅಲ್ಲೊಂದು ಇಲ್ಲೊಂದು. ವಿಲ್ಲೋಸಮ್‌ನಲ್ಲಿ ಎದ್ದು ಕಾಣುತ್ತದೆ. ದಟ್ಟ ಚುಕ್ಕೆ ಕಂಡರೆ ಆ ‘ಇನ್ಸಿಗ್ನೆ’ ಲೇಬಲ್ಲಿಗೆ ಅಲ್ಲೇ ಪ್ರಶ್ನೆ ಚಿಹ್ನೆ. ಹೂ ಬಂದ ಮೇಲೆ ಅಂಡಾಶಯ, ಹೂದಂಟಿನ ಕೂದಲು. ಇನ್ಸಿಗ್ನೆಯದು ಗಿಡ್ಡ, ನೇರಳೆ ಛಾಯೆ. ವಿಲ್ಲೋಸಮ್‌ನದು ನಾನು ಅಳೆದ ಮಟ್ಟಿಗೆ ಅದರ ಎರಡು ಪಟ್ಟಾದರೂ ಉದ್ದ, ಕೆದರಿಕೊಂಡಿರುತ್ತದೆ. ಆಮೇಲೆ ದಳ. ವಿಲ್ಲೋಸಮ್ ದಳ ವಾರ್ನಿಷ್ ಹಚ್ಚಿದ ಹಾಗೆ ಹೊಳೆಯುತ್ತದೆ, ನಡುಗೆರೆಯ ಮೇಲಿನ ಅರ್ಧ ಗಾಢ, ಕೆಳಗಿನರ್ಧ ತೆಳು. ಇನ್ಸಿಗ್ನೆ ಡಾರ್ಸಲ್ಲಿನಲ್ಲಿ ಉಬ್ಬಿದ ಚುಕ್ಕೆ, ತುದಿಯಲ್ಲಿ ಅಗಲ ಬಿಳಿ. ಕೂದಲು ಮಧ್ಯಮ, ದಳ ಹೊಳಪು, ಡಾರ್ಸಲ್ಲಿನಲ್ಲಿ ಮಸುಕು ಚುಕ್ಕೆ: ಈ ಮೂರೂ ಒಟ್ಟಿಗೆ ಸಿಕ್ಕಿದರೆ ನಿಟೆನ್ಸ್ ಎಂದು ಬರೆದುಬಿಡುತ್ತೇನೆ.

ಕೂದಲು ಅಳೆಯಲು ಹಳೇ ಸ್ಕ್ಯಾನರ್ ಬಳಸಿದೆ. ಸೆಕೆಂಡ್ ಹ್ಯಾಂಡ್, ಸಾವಿರದ ಐನೂರರ ಆಸುಪಾಸು. ‘ಮಾರಾಯ್ರೆ, ಎರಡು ವರ್ಷ ಕಾದ ಹೂವನ್ನು ಯಾರಾದ್ರೂ ಕುಯ್ತಾರಾ?’ ಎಂದು ಹಿರಿಯರೊಬ್ಬರು ಬೈದರು. ಕುಯ್ಯುವುದು ಹೂ ಒಂದೂವರೆ–ಎರಡು ತಿಂಗಳು ನಿಂತು ಬಾಡುವ ಹೊತ್ತಿಗೆ. ಬಣ್ಣ ಹೋಗಿರುತ್ತದೆ, ಕೂದಲು ಹೋಗಿರುವುದಿಲ್ಲ! ಗಾಜಿನ ಮೇಲೆ ಹೂವು, ಪಕ್ಕದಲ್ಲಿ ಸ್ಟೀಲ್ ಸ್ಕೇಲ್, ಮೇಲೆ ಕಪ್ಪು ಬಟ್ಟೆ, 1200 ಡಿಪಿಐ. ಕೂದಲು ಗಾಜಿಗೆ ಒತ್ತಿ ಮಲಗದಂತೆ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಇನ್ನೊಂದು ಆಟ ಆಡಿದೆ. ವಿಲ್ಲೋಸಮ್ ತನ್ನ ಊರಲ್ಲಿ ಮರದ ಮೇಲೂ ಬೆಳೆಯುತ್ತದೆ. ಹಾಗಾಗಿ ಒಂದು ತುಂಡನ್ನು ಪಾಚಿ ಸುತ್ತಿ ತೋಟದ ಹಲಸಿನ ಮರಕ್ಕೆ ಕಟ್ಟಿದೆ. ಮಳೆಗಾಲ ಪೂರ್ತಿ ಚೆನ್ನಾಗಿತ್ತು. ಆಮೇಲೆ ಬಸವನಹುಳು ಚಿಗುರೆಲ್ಲ ತಿಂದು ಹಾಕಿತು. ಒಂದು ಇನ್ಸಿಗ್ನೆ ತುಂಡನ್ನು ಬೆಂಗಳೂರಿನ ತಂಗಿಯ ಬಾಲ್ಕನಿಗೆ ಕಳಿಸಿದೆ. ಎಲೆಗಳ ಪೊದೆಯೇ ಆಯಿತು, ಮೊಗ್ಗು ಮಾತ್ರ ಇಲ್ಲ. ಇದಕ್ಕೆ ರಾತ್ರಿಯ ತಂಪು ಬೇಕೇ ಬೇಕು. ನಾನು ನವೆಂಬರ್‌ನಲ್ಲಿ ಪಾಟ್‌ಗಳನ್ನು ಗೋಡೆಯ ಆಸರೆಯಿಂದ ತೆಗೆದು ಹೊರಗೇ ಇಡುತ್ತೇನೆ.

‘ಕಾಡಿನದು ಸಾರ್, ಮೇಘಾಲಯದ್ದು’ ಎಂದು ಬೆಲೆ ಏರಿಸುವವರಿಂದ ನಾನು ಕೊಳ್ಳುವುದಿಲ್ಲ. ಪ್ಯಾಫ್‌ಗಳೆಲ್ಲ ಸೈಟಿಸ್‌ನ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಮೊದಲ ಪಟ್ಟಿಯಲ್ಲಿವೆ, ನಮ್ಮ ವನ್ಯಜೀವಿ ಕಾಯ್ದೆಯಲ್ಲೂ ಇವೆ. ಸುಮ್ನೆ ಯಾಕೆ ರಗಳೆ? ಲೀಯಾನಮ್ ತುಂಡುಗಳನ್ನು ಲೀಯಾನಮ್ ಎಂದೇ ಬರೆದು ನಾನೂರಕ್ಕೆ ಕೊಡುತ್ತಿದ್ದೇನೆ. ಸ್ಕ್ಯಾನರ್ ದುಡ್ಡು ಹುಟ್ಟಿದೆ. ಗ್ರಾಟ್ರಿಕ್ಸಿಯಾನಮ್ ದುಡ್ಡು ಇನ್ನೂ ಬಾಕಿ.