ಕೈಪಂಪಿನ ನೀರು ಕುಡಿಯಬಹುದಾ? ಘಾನಾದ ಹಳ್ಳಿಯಲ್ಲಿ ಪರೀಕ್ಷೆ ಮಾಡುವುದು ಹೀಗೆ

ಘಾನಾ ದೇಶದ ಉತ್ತರದ ತುದಿಯಲ್ಲಿ, ಬುರ್ಕಿನಾ ಫಾಸೊ ಗಡಿಗೆ ತಾಗಿಕೊಂಡು ಬೊಂಗೋ ಎಂಬ ಜಿಲ್ಲೆಯಿದೆ. ಎಲ್ಲಿ ನೋಡಿದರೂ ಗುಲಾಬಿ ಛಾಯೆಯ ಗ್ರಾನೈಟ್ ಬಂಡೆ. ಮಳೆಗಾಲ ವರ್ಷಕ್ಕೊಂದೇ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಆಮೇಲೆ ಹೆಚ್ಚಿನ ಮನೆಗಳಿಗೆ ಬೋರ್‌ವೆಲ್ಲಿನ ಕೈಪಂಪೇ ಗತಿ. ನೀರು ತಿಳಿಯಾಗಿದೆ, ವಾಸನೆಯಿಲ್ಲ. ಆದರೂ ಅಲ್ಲಿನ ಎಷ್ಟೋ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದೆ.

ಇದೇ ದೇಶದ ದಕ್ಷಿಣದ ಕಾಡುಸೀಮೆಯ ಕಥೆ ಬೇರೆ. ಅಲ್ಲಿ ಕೆಲವು ಪಂಪುಗಳಲ್ಲಿ ತುಕ್ಕಿನ ಬಣ್ಣದ ನೀರು ಬರುತ್ತದೆ. ಬಟ್ಟೆ ಒಗೆದರೆ ಕಲೆ, ಅಡುಗೆ ಮಾಡಿದರೆ ಒಗರು. ಜನ ಬೇಸತ್ತು ಮತ್ತೆ ಹಳ್ಳದ ನೀರಿಗೆ ಇಳಿಯುತ್ತಾರೆ. ಕೆಂಪು ನೀರಿಗಿಂತ ಅಪಾಯ ಜಾಸ್ತಿ ಇರುವುದು ಆ ಹಳ್ಳದಲ್ಲೇ. ನೀರಿನ ವಿಷಯದಲ್ಲಿ ಕಣ್ಣು ಮತ್ತು ನಾಲಿಗೆಯ ತೀರ್ಪನ್ನು ನಂಬಿದರೆ ಹೀಗೆ ಎರಡೂ ಕಡೆ ಎಡವುತ್ತೇವೆ.

ಹಾಗಂತ ಬೋರ್‌ವೆಲ್ ಕೊರೆದದ್ದೇ ತಪ್ಪಲ್ಲ. 1970ರ ದಶಕದಲ್ಲಿ ಕೆನಡಾದ ನೆರವಿನಿಂದ ಉತ್ತರ ಘಾನಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೋರ್‌ವೆಲ್ ಬಂದವು. ಕೆರೆ-ಕುಂಟೆಯ ನೀರಿನಿಂದ ಹರಡುತ್ತಿದ್ದ ನಾರುಹುಣ್ಣು ಈಗ ಆ ದೇಶದಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಗೆಂದು ಪ್ರಮಾಣೀಕರಿಸಿತು. ಅದರ ಹಿಂದೆ ಶುದ್ಧ ನೀರಿನ ಪಾಲೂ ಇದೆ. ಆದ್ದರಿಂದ ಪಂಪು ಮುಚ್ಚಿಸುವ ಮಾತಿಗಿಂತ ಮೊದಲು ಪರೀಕ್ಷೆ ಆಗಬೇಕು. ಆ ಕಡೆ ಕೆಲಸಕ್ಕೋ ಸ್ವಯಂಸೇವೆಗೋ ಹೋಗಿರುವ ಕನ್ನಡಿಗರಿಗೆ ಈ ಕ್ರಮ ಉಪಯೋಗಕ್ಕೆ ಬಂದೀತು. ಹಲ್ಲು ಕಂದಾಗಿಸುವ ಫ್ಲೋರೈಡ್ ನೀರು ಕಂಡಿರುವ ಪಾವಗಡ, ಮುಂಡರಗಿ ಕಡೆಯವರಿಗಂತೂ ಇದರಲ್ಲಿ ಅರ್ಧ ಗೊತ್ತಿರುವ ಕಥೆಯೇ.

ಹಂತ 1: ಬಾಟಲಿ ತೆಗೆಯುವ ಮೊದಲು ಪಂಪಿನ ಸುತ್ತ ಒಂದು ಸುತ್ತು ಬನ್ನಿ

ಕಟ್ಟೆಯ ಸಿಮೆಂಟು ಬಿರುಕು ಬಿಟ್ಟಿದೆಯಾ? ಚೆಲ್ಲಿದ ನೀರು ಬುಡದಲ್ಲೇ ನಿಲ್ಲುತ್ತಾ, ಚರಂಡಿಯಲ್ಲಿ ದೂರ ಹೋಗುತ್ತಾ? ದನ-ಕುರಿ ಕಟ್ಟೆ ಹತ್ತುತ್ತವಾ? ಪಂಪಿನ ಬುಡ ಅಲ್ಲಾಡುತ್ತಾ? ಶೌಚದ ಗುಂಡಿ ಎಷ್ಟು ದೂರ? 30 ಮೀಟರಾದರೂ ಬೇಕು, 50 ಇದ್ದರೆ ನೆಮ್ಮದಿ. ಗುಂಡಿ ಪಂಪಿಗಿಂತ ಎತ್ತರದ ಜಾಗದಲ್ಲಿದ್ದರೆ ಅದನ್ನು ಬೇರೆಯಾಗಿ ಬರೆದುಕೊಳ್ಳಿ. ಹೌದು-ಇಲ್ಲ ಎಂದು ಗುರುತು ಹಾಕುವ ಇಂಥ ಪಟ್ಟಿಗೆ ಒಂದು ಪೈಸೆ ಖರ್ಚಿಲ್ಲ. ಪ್ರಯೋಗಾಲಯದ ಒಂದು ವರದಿ ಆ ಒಂದು ದಿನದ ಮಾತು ಮಾತ್ರ ಹೇಳುತ್ತದೆ. ಒಡೆದ ಕಟ್ಟೆ ಮುಂದಿನ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಈಗಲೇ ಹೇಳುತ್ತದೆ.

ಹಂತ 2: ನೀರು ಕೆಂಪಿದ್ದರೆ ತಪ್ಪು ನೆಲದ್ದಾ, ಪೈಪಿನದ್ದಾ ನೋಡಿ

ಇಲ್ಲಿ ನಮಗೂ ಸಂಬಂಧವಿದೆ. ಪಶ್ಚಿಮ ಆಫ್ರಿಕಾದ ಹಳ್ಳಿಗಳಲ್ಲಿ ಕಾಣುವ ಕೈಪಂಪುಗಳಲ್ಲಿ ಬಹಳಷ್ಟು 'ಇಂಡಿಯಾ ಮಾರ್ಕ್ 2'. 1970ರ ದಶಕದಲ್ಲಿ ಯುನಿಸೆಫ್ ಜೊತೆ ಸೇರಿ ಭಾರತದಲ್ಲಿ ರೂಪಿಸಿದ್ದು. ನಮ್ಮೂರ ಬೋರಿಂಗ್ ಅಂದರೆ ಕಣ್ಮುಂದೆ ಬರುವುದು ಅದೇ ಪಂಪು. ಗಟ್ಟಿಮುಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಪೈಪು ಸತು ಲೇಪಿಸಿದ ಕಬ್ಬಿಣದ್ದು, ಅಂದರೆ ಜಿಐ ಪೈಪು. ನೀರಿನ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) 6.5ಕ್ಕಿಂತ ಕೆಳಗಿದ್ದರೆ ಆ ಲೇಪ ಬಾಳುವುದಿಲ್ಲ, ಪೈಪು ತುಕ್ಕು ಹಿಡಿಯುತ್ತದೆ. ದಕ್ಷಿಣ ಘಾನಾದ ಕಾಡುಸೀಮೆಯ ಅಂತರ್ಜಲ ಎಷ್ಟೋ ಕಡೆ ಇಷ್ಟು ಹುಳಿ.

ಪರೀಕ್ಷೆ ಸುಲಭ. ಬೆಳಗಿನ ಜಾವ, ಯಾರೂ ಪಂಪು ಮುಟ್ಟುವ ಮೊದಲು ಹೋಗಿ. ಮೊದಲು ಬರುವ ನೀರನ್ನು ಒಂದು ಬಾಟಲಿಗೆ ಹಿಡಿಯಿರಿ. 32 ಮಿ.ಮೀ. ಪೈಪು 30 ಮೀಟರ್ ಇಳಿದಿದ್ದರೆ ಅದರೊಳಗೆ ಸುಮಾರು 24 ಲೀಟರ್ ನೀರು ರಾತ್ರಿಯಿಡೀ ನಿಂತಿರುತ್ತದೆ. ಆಮೇಲೆ ಹೆಂಗಸರು, ಮಕ್ಕಳು ಬಂದು ತುಂಬಿಸಿಕೊಳ್ಳಲಿ. ಅರ್ಧ ಗಂಟೆಯಾದ ಮೇಲೊಂದು, ಒಂದು ಗಂಟೆಯಾದ ಮೇಲೊಂದು ಬಾಟಲಿ ಮತ್ತೆ ಹಿಡಿಯಿರಿ. ಕಬ್ಬಿಣದ ಅಂಶವನ್ನು ಅಲ್ಲೇ ಕಿಟ್‌ನಲ್ಲಿ ಅಳೆಯಿರಿ, ಯಾಕೆಂದರೆ ಬಾಟಲಿಯಲ್ಲಿಟ್ಟರೆ ಕಬ್ಬಿಣ ತಳಕ್ಕೆ ಕೂರುತ್ತದೆ. ಪಿಎಚ್ ಕೂಡ ಪಂಪಿನ ಬುಡದಲ್ಲೇ ನೋಡಬೇಕು. ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಅನಿಲ ಹೊರಟುಹೋದರೆ ಅಳತೆ ಏರುತ್ತದೆ.

ಪಂಪು ಹೊಡೆದಂತೆಲ್ಲ ಕಬ್ಬಿಣದ ಅಂಶ ಸರ್ರನೆ ಇಳಿದರೆ ತಪ್ಪು ಪೈಪಿನದ್ದು. ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪೈಪು ಹಾಕಿದರೆ ಮುಗಿಯಿತು. ಎಷ್ಟು ಹೊಡೆದರೂ ಇಳಿಯದಿದ್ದರೆ ಅದು ನೆಲದೊಳಗಿನ ಕಬ್ಬಿಣ, ಅದಕ್ಕೆ ಮರಳಿನ ಸೋಸುಗ ಬೇಕು. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ರುಚಿ ಮತ್ತು ಕಲೆಯ ತಕರಾರು ಶುರು. ಈ ಸಂಖ್ಯೆ ಆರೋಗ್ಯದ ಮಿತಿಯಲ್ಲ. ಜನ ಹಳ್ಳಕ್ಕೆ ಹೋಗದಿರಲಿ ಅಂತಲೇ ಇದನ್ನು ಸರಿಮಾಡುವುದು.

ಹಂತ 3: ಫ್ಲೋರೈಡ್, ಮಕ್ಕಳ ಹಲ್ಲಿನಿಂದ ಶುರುಮಾಡಿ

ಬೊಂಗೋದ ಗ್ರಾನೈಟಿನಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ಕೂತಷ್ಟೂ ಅದು ಕರಗುತ್ತಾ ಹೋಗುತ್ತದೆ. ಆ ಸೀಮೆಯಲ್ಲಿ ನಡೆದ ಒಂದು ಅಧ್ಯಯನದಲ್ಲಿ ಲೀಟರಿಗೆ 0.11ರಿಂದ 4.6 ಮಿಲಿಗ್ರಾಂವರೆಗೆ ಸಿಕ್ಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 1.5. ಆದರೆ ಬಿಸಿಲಲ್ಲಿ ದುಡಿಯುವವರು ದಿನಕ್ಕೆ ಕುಡಿಯುವ ನೀರೇ ಜಾಸ್ತಿ, ಅಲ್ವಾ? ಅಂಥ ಕಡೆ 1.5 ಕೂಡ ಸಡಿಲ ಮಿತಿಯೇ ಅನ್ನುವುದು ನನ್ನ ಅಭಿಪ್ರಾಯ.

ಒಂಬತ್ತು-ಹತ್ತು ವರ್ಷದ ಮಕ್ಕಳ ಮೇಲಿನ ಮುಂದಿನ ಹಲ್ಲು ನೋಡಿ. ಮೊದಲ ಘಟ್ಟದಲ್ಲಿ ಸೀಮೆಸುಣ್ಣ ಎಳೆದಂಥ ಬಿಳಿ ಗೆರೆ ಅಡ್ಡಡ್ಡ ಕಾಣುತ್ತದೆ. ಜಾಸ್ತಿಯಾದರೆ ಕಂದು ಮಚ್ಚೆ, ಆಮೇಲೆ ಸಣ್ಣ ಸಣ್ಣ ಗುಳಿ. ಕಪ್ಪು ತೂತಾದರೆ ಅದು ಹುಳುಕು, ಫ್ಲೋರೈಡ್ ಅಲ್ಲ. ಈ ಹಲ್ಲು ವಸಡಿನೊಳಗೆ ರೂಪುಗೊಳ್ಳುವುದು ಮಗು ತೀರ ಚಿಕ್ಕದಿದ್ದಾಗ. ಹಾಗಾಗಿ ಇವತ್ತಿನ ನೀರಿನ ಲೆಕ್ಕ ಅದರಲ್ಲಿ ಸಿಗುವುದಿಲ್ಲ. 'ಈ ಮಗು ಹುಟ್ಟಿದ್ದು ಎಲ್ಲಿ, ಚಿಕ್ಕಂದಿನಲ್ಲಿ ಯಾವ ಪಂಪಿನ ನೀರು ಕುಡಿಯಿತು' ಎಂದು ತಾಯಿಯನ್ನು ಕೇಳಲೇಬೇಕು.

ಆಮೇಲೆ ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ಹಿಡಿಯಿರಿ, ಗಾಜು ಬೇಡ. ಕಿಟ್‌ನ ಕೆಂಪು ದ್ರಾವಣ ಬೆರೆಸಿದಾಗ ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಕೆಂಪು ಬಿಳಚಿಕೊಳ್ಳುತ್ತದೆ. ಒಂದು ಪಂಪಿನಲ್ಲಿ ಜಾಸ್ತಿ ಬಂತು ಅಂತ ಇಡೀ ಊರನ್ನು ಬರೆದುಹಾಕಬೇಡಿ. ಕೂಗಳತೆ ದೂರದ ಇನ್ನೊಂದು ಪಂಪು ಚೆನ್ನಾಗಿರಬಹುದು. ಪ್ರತಿಯೊಂದನ್ನೂ ನೋಡಬೇಕು.

ಹಂತ 4: ಆರ್ಸೆನಿಕ್ ಬಿಡಬೇಡಿ

ಈ ವಿಷ ಎಲ್ಲ ಕಡೆ ಇಲ್ಲ. ಚಿನ್ನದ ಗಣಿಯ ಶಿಲೆ ಇರುವಲ್ಲಿ ಅನುಮಾನ ಇಟ್ಟುಕೊಳ್ಳಿ. ಘಾನಾದ ಒಬುಆಸಿ ಗಣಿಸೀಮೆ ಒಂದು, ಬುರ್ಕಿನಾ ಫಾಸೊದ ವಾಹಿಗುಯಾ ಪಟ್ಟಣದ ಸುತ್ತಮುತ್ತ ಇನ್ನೊಂದು. ವಾಹಿಗುಯಾ ಕಡೆಯ ಒಂದು ಬೋರ್‌ವೆಲ್‌ನಲ್ಲಿ ಲೀಟರಿಗೆ 1,630 ಮೈಕ್ರೋಗ್ರಾಂ ಸಿಕ್ಕಿದೆ. ಮಿತಿ ಬರೀ 10. ಬಣ್ಣವಿಲ್ಲ, ರುಚಿಯಿಲ್ಲ. ವರ್ಷಗಳಾದ ಮೇಲೆ ಅಂಗೈ-ಅಂಗಾಲು ಗಂಟುಗಟ್ಟುತ್ತದೆ, ಮೈಮೇಲೆ ಕಪ್ಪು ಚುಕ್ಕೆ ಏಳುತ್ತದೆ, ಮುಂದೆ ಕ್ಯಾನ್ಸರ್ ಭಯ. ಕಿಟ್‌ನ ಬಿಳಿ ಕಾಗದದ ಪಟ್ಟಿ ಹಳದಿಗೋ ಕಂದಿಗೋ ತಿರುಗಿದರೆ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿ. ಆ ಪಟ್ಟಿಯಲ್ಲಿ ಪಾದರಸ ಇರುತ್ತದೆ, ಎಲ್ಲೆಂದರಲ್ಲಿ ಎಸೆಯಬೇಡಿ.

ಹಂತ 5: ರೋಗಾಣು, ಪಂಪಿನಲ್ಲೂ ಮನೆಯ ಕೊಡದಲ್ಲೂ

ಪಂಪಿನ ಬಾಯನ್ನು ಬೆಂಕಿಯಲ್ಲಿ ಕಾಯಿಸಿ, ಸ್ವಲ್ಪ ನೀರು ಹರಿಯಬಿಟ್ಟು, ಕ್ರಿಮಿಶುದ್ಧ ಬಾಟಲಿಗೆ ಹಿಡಿಯಿರಿ. ಐಸ್ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ ಆರು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಿ. 100 ಮಿಲಿಲೀಟರಿನಲ್ಲಿ ಮಲದ ಗುರುತಾದ ಇ-ಕೊಲೈ ಬ್ಯಾಕ್ಟೀರಿಯಾ ಒಂದೂ ಇರಬಾರದು. ಪ್ರಯೋಗಾಲಯ ದೂರವಿದ್ದರೆ 1982ರಲ್ಲಿ ಭಾರತದಲ್ಲೇ ರೂಪುಗೊಂಡ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಪರೀಕ್ಷೆಯ ಬಾಟಲಿ ಇದೆ. ನೀರು ಹಾಕಿ ಒಂದೆರಡು ದಿನ ಬೆಚ್ಚಗೆ ಇಟ್ಟಾಗ ಕಪ್ಪಾದರೆ ಮಲದ ಸೋಂಕಿನ ಅನುಮಾನ.

ಪಂಪಿನ ನೀರು ಶುದ್ಧ ಬಂತು ಅಂತ ಸುಮ್ನೆ ಎದ್ದುಬರಬೇಡಿ. ಉತ್ತರ ಘಾನಾದ ಮನೆಗಳಲ್ಲಿ ಮಡಕೆಗೆ ಸೋರೆಬುರುಡೆ ಅದ್ದಿ ಕುಡಿಯುವ ರೂಢಿಯಿದೆ. ಕೈಯ ಕೊಳೆಯೂ ಅದರ ಜೊತೆ ಇಳಿಯುತ್ತದೆ. ಒಂದು ಬಾಟಲಿ ಮಡಕೆಯಿಂದಲೂ ತುಂಬಿಸಿ.

ಜೊತೆಗೆ ನೈಟ್ರೇಟ್ ನೋಡಿಬಿಡಿ. ಮಿತಿ ಲೀಟರಿಗೆ 50 ಮಿಲಿಗ್ರಾಂ. ತಿಪ್ಪೆ, ಶೌಚಗುಂಡಿ ಹತ್ತಿರವಿದ್ದರೆ ಏರುತ್ತದೆ. ಈ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಅಪಾಯ ಜಾಸ್ತಿ.

ಹಂತ 6: ಯಾವ ರೋಗಕ್ಕೆ ಯಾವ ಮದ್ದು

ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಕುದಿಸಿದರೆ, ಕ್ಲೋರಿನ್ ಹಾಕಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಹೋಗುವುದಿಲ್ಲ. ಕುದಿಸಿ ನೀರು ಇಂಗಿದಷ್ಟೂ ಅವು ಇನ್ನಷ್ಟು ಗಾಢವಾಗುತ್ತವೆ. ಫ್ಲೋರೈಡ್ ತೆಗೆಯಲು ಅಲ್ಯುಮಿನಾ ಸೋಸುಗ ಇದೆ, ಮೂಳೆ ಇದ್ದಿಲಿದೆ, ಪಟಿಕ-ಸುಣ್ಣ ಬೆರೆಸುವ ನಲ್ಗೊಂಡ ವಿಧಾನವೂ ಇದೆ. ಎಲ್ಲಕ್ಕೂ ದಿನಾ ನಿಗಾ ಇಡುವವರು ಬೇಕು, ಹಳ್ಳಿಯಲ್ಲಿ ಎಡವಟ್ಟಾಗುವುದು ಅದರಲ್ಲೇ. ನನ್ನನ್ನು ಕೇಳಿದರೆ ಮೊದಲು ಒಳ್ಳೆಯ ಪಂಪು ಹುಡುಕಿ. ಕುಡಿಯಲು, ಅಡುಗೆಗೆ, ಅದರಲ್ಲೂ ಚಿಕ್ಕ ಮಕ್ಕಳಿಗೆ ಅದರ ನೀರು. ಫ್ಲೋರೈಡ್ ಇರುವ ಪಂಪು ಬಟ್ಟೆ, ಪಾತ್ರೆ, ಸ್ನಾನಕ್ಕೆ ಇರಲಿ. ಮಳೆನೀರು ಹಿಡಿದರೆ ಇನ್ನೂ ಒಳ್ಳೆಯದು.

ಫಲಿತಾಂಶವನ್ನು ಊರಿನ ನೀರು ಸಮಿತಿಯ ಎದುರು ಅವರ ಭಾಷೆಯಲ್ಲೇ ಹೇಳಿಸಿ. ಯಾವ ಪಂಪು ಕುಡಿಯಲು, ಯಾವುದು ತೊಳೆಯಲು ಎಂದು ಕಟ್ಟೆಯ ಮೇಲೆ ಓದು ಬಾರದವರಿಗೂ ತಿಳಿಯುವ ಹಾಗೆ ಚಿತ್ರ ಬರೆಸಿ. ರೋಗಾಣು ಪರೀಕ್ಷೆಯನ್ನು ಮಳೆ ಶುರುವಾದ ಮೇಲೆ ಒಮ್ಮೆ, ಬೇಸಿಗೆಯ ಕೊನೆಗೆ ಒಮ್ಮೆ ಮತ್ತೆ ಮಾಡಿ. ಹೊಸ ಬೋರ್‌ವೆಲ್ ಕೊರೆದರೆ ಪಂಪು ಕೂರಿಸುವ ಮೊದಲೇ ಫ್ಲೋರೈಡ್, ಆರ್ಸೆನಿಕ್ ನೋಡಿಸಿ. ಒಮ್ಮೆ ನೀರು ತುಂಬಲು ಶುರುಮಾಡಿದ ಪಂಪನ್ನು ಆಮೇಲೆ ಮುಚ್ಚಿಸುವುದು ಯಾರಿಗೂ ಸುಲಭವಲ್ಲ.